ನೆಗೆತದ ಹಿಂದಿನ ಲೆಕ್ಕ

ಎತ್ತರಕ್ಕೆ ನೆಗೆಯುವ ಮುನ್ನ ಯಾರೇ ಆಗಲಿ ಮಂಡಿಯನ್ನು ಸರಕ್ಕನೆ ಮಡಿಸುತ್ತಾರೆ. ಇದು ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ಮಂಡಿ ಮಡಿಸಿ ಮೂರು ನಾಲ್ಕು ಸೆಕೆಂಡು ಹಾಗೇ ನಿಂತು ಆಮೇಲೆ ನೆಗೆದರೆ ಅಷ್ಟು ಎತ್ತರ ಸಿಗದು. ಥಟ್ಟನೆ ಹಿಗ್ಗಿದ ಸ್ನಾಯುವೂ ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುವೂ ರಬ್ಬರಿನಂತೆ ಶಕ್ತಿಯನ್ನು ಹಿಡಿದಿಟ್ಟು, ಕೂಡಲೇ ಕುಗ್ಗುವಾಗ ಹಿಂದಿರುಗಿಸುತ್ತವೆ. ತಡವಾದರೆ ಅದು ನಷ್ಟವಾಗುತ್ತದೆ. ಇಂದು ಜಿಮ್ಮುಗಳಲ್ಲಿ ಕೇಳಿಬರುವ 'ಪ್ಲೈಯೊಮೆಟ್ರಿಕ್ಸ್' ವ್ಯಾಯಾಮಕ್ಕೆ ಇದೇ ಬುನಾದಿ.

ಈ ಸಹಜ ಗುಣವನ್ನು ಲೆಕ್ಕಾಚಾರದ ಅಭ್ಯಾಸವಾಗಿಸಿದವರಲ್ಲಿ ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ (1928–2010) ಪ್ರಮುಖರು. 1950ರ ದಶಕದ ಕೊನೆಯಲ್ಲಿ ಅವರು ಮಾಸ್ಕೋದಲ್ಲಿ ಜಿಗಿತಗಾರರನ್ನು ತಯಾರು ಮಾಡುತ್ತಿದ್ದರು. ತ್ರಿವಿಧ ಜಿಗಿತದಲ್ಲಿ ಒಂಟಿ ಕಾಲಿನ ಮೇಲೆ ಇಳಿಯುವಾಗ ದೇಹತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಕ್ರೀಡಾಪಟು ಆ ಕ್ಷಣದಲ್ಲೇ ಮತ್ತೆ ಚಿಮ್ಮಬೇಕು. ಆ ಪೆಟ್ಟನ್ನೇ ಪಾಠವಾಗಿಸಿದರೆ ಹೇಗೆ? ಪೆಟ್ಟಿಗೆಯ ಮೇಲಿನಿಂದ ಕೆಳಗಿಳಿದು, ನೆಲ ಮುಟ್ಟಿದೊಡನೆ ಮೇಲಕ್ಕೆ ನೆಗೆಯುವ ಅಭ್ಯಾಸ ಹೀಗೆ ರೂಪುಗೊಂಡಿತು. ಅವರು ಅದನ್ನು ಕರೆದದ್ದು 'ಆಘಾತ ವಿಧಾನ' ಎಂದು.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಓಟಗಾರ ವಲೇರಿ ಬೊರ್ಜೊವ್ 100 ಮತ್ತು 200 ಮೀಟರ್ ಓಟಗಳೆರಡನ್ನೂ ಗೆದ್ದರು. ಪೂರ್ವ ಯುರೋಪಿನ ತರಬೇತಿಯ ಬಗ್ಗೆ ಪಶ್ಚಿಮದ ಕುತೂಹಲ ಹೆಚ್ಚಿತು. 1975ರಲ್ಲಿ ಅಮೆರಿಕದ ಮಾಜಿ ಓಟಗಾರ, ತರಬೇತುದಾರ ಫ್ರೆಡ್ ವಿಲ್ಟ್ ಇಂಥ ನೆಗೆತಗಳಿಗೆ 'ಪ್ಲೈಯೊಮೆಟ್ರಿಕ್ಸ್' ಎಂಬ ಹೆಸರು ಕೊಟ್ಟರು. 'ಹೆಚ್ಚು', 'ಅಳತೆ' ಎಂಬ ಅರ್ಥದ ಗ್ರೀಕ್ ಮೂಲಗಳು ಅದರಲ್ಲಿವೆ.

ಹೆಸರು ಹಬ್ಬಿದಂತೆ ಅರ್ಥವೂ ಸಡಿಲವಾಯಿತು. ಯಾವ ಕುಪ್ಪಳಿಕೆಯಾದರೂ ಪ್ಲೈಯೊಮೆಟ್ರಿಕ್ಸ್ ಎನಿಸಿತು. ಬೆವರಿಳಿದು ಸುಸ್ತಾಗುವವರೆಗೆ ನೆಗೆಯುವುದೇ ಸಾಧನೆ ಎಂಬ ಭಾವನೆ ಬೆಳೆಯಿತು. ಮೂಲ ಪದ್ಧತಿ ಇದಕ್ಕೆ ತದ್ವಿರುದ್ಧ. ನುರಿತ ಕ್ರೀಡಾಪಟುಗಳಿಗೂ ವೆರ್ಖೊಶಾನ್‌ಸ್ಕಿ ಹಾಕಿದ್ದ ಮಿತಿ ವಾರಕ್ಕೆ ಎರಡು ದಿನ, ಒಂದು ದಿನಕ್ಕೆ ಸುಮಾರು 40 ನೆಗೆತ. ಅದಕ್ಕೂ ಮೊದಲು ಕಾಲಿಗೆ ಸಾಕಷ್ಟು ಬಲ ಬಂದಿರಬೇಕು. ದಣಿದ ಸ್ನಾಯು ಬೇಗ ಚಿಮ್ಮಲಾರದು. ಆಗ ಪೆಟ್ಟೆಲ್ಲ ಮಂಡಿ, ಹಿಮ್ಮಡಿಗಳ ಪಾಲು.

ಹೊಸಬರು ಪೆಟ್ಟಿಗೆ ಹತ್ತಬೇಕಿಲ್ಲ. ಹಗ್ಗದಾಟ, ನಮ್ಮ ಮಕ್ಕಳು ಆಡುವ ಕುಂಟೆಬಿಲ್ಲೆ ಇವು ಇದೇ ಜಾತಿಯ ಹಗುರ ಅಭ್ಯಾಸಗಳು. ಮೊದಲು ಸದ್ದಾಗದಂತೆ, ಮಂಡಿ ಒಳಕ್ಕೆ ವಾಲದಂತೆ ಇಳಿಯುವುದನ್ನು ಕಲಿಯಬೇಕು. ಆಮೇಲೆ ಎರಡೂ ಕಾಲಿನ ಸಣ್ಣ ನೆಗೆತ, ಬಳಿಕ ಒಂಟಿ ಕಾಲಿನದು. ನೆಲ ಗಟ್ಟಿ ಕಾಂಕ್ರೀಟಿನದಾಗಿರದಿದ್ದರೆ ಒಳ್ಳೆಯದು. ಪ್ರತಿ ಸುತ್ತಿನ ನಂತರ ಉಸಿರು ತಹಬಂದಿಗೆ ಬರುವಷ್ಟು ವಿಶ್ರಾಂತಿ, ಎರಡು ಅಭ್ಯಾಸಗಳ ನಡುವೆ ಕನಿಷ್ಠ ಎರಡು ದಿನದ ಬಿಡುವು ಬೇಕು. ಮಂಡಿ ನೋವಿದ್ದವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ನೆಗೆತದ ಎತ್ತರ ಕುಸಿಯತೊಡಗಿದರೆ ಆ ದಿನದ ಪಾಠ ಮುಗಿಯಿತೆಂದೇ ತಿಳಿಯಬೇಕು. ಇಲ್ಲಿ ಎಣಿಕೆಗಿಂತ ಚುರುಕು ಮುಖ್ಯ.