ಬೀದರ ಕೋಟೆಯ ಹಲವು ಬಾಳು

ಕೋಟೆಯೆಂದೊಡನೆ ನಮ್ಮ ಮನಸ್ಸು ಯುದ್ಧದ ಕಡೆಗೆ ಹರಿಯುತ್ತದೆ. ಆದರೆ ಯಾವ ಕೋಟೆಯ ಆಯುಷ್ಯದಲ್ಲಿಯೂ ಯುದ್ಧದ ದಿನಗಳು ಕೆಲವೇ. ಉಳಿದ ದಿನಗಳಲ್ಲಿ ಅದು ಏನಾಗಿತ್ತು, ಯಾರಿಗೆ ಒದಗಿತು ಎಂಬುದೇ ಅದರ ನಿಜವಾದ ಚರಿತ್ರೆ ಎಂದು ನಾನು ಭಾವಿಸುತ್ತೇನೆ. ಈ ಮಾತಿಗೆ ಬೀದರ ಕೋಟೆ ಒಳ್ಳೆಯ ನಿದರ್ಶನ.

ಬಹಮನಿ ಸುಲ್ತಾನ ಒಂದನೆಯ ಅಹಮದ ಶಹನು 15ನೇ ಶತಮಾನದ ಪೂರ್ವಾರ್ಧದಲ್ಲಿ ಗುಲಬರ್ಗೆಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಅದಕ್ಕೂ ಮೊದಲೇ ಇಲ್ಲೊಂದು ಕೋಟೆಯಿತ್ತು. ಅವನು ಅದನ್ನು ಹಿಗ್ಗಿಸಿ ಭದ್ರಪಡಿಸಿದನು. ಪ್ರಸ್ಥಭೂಮಿಯ ಅಂಚಿನಲ್ಲಿ ನಿಂತ ಈ ಕೋಟೆಗೆ 37 ಕೊತ್ತಲಗಳು. ದಕ್ಷಿಣದ ಕಡೆ ಜಂಬಿಟ್ಟಿಗೆಯ ಬಂಡೆಯನ್ನೇ ಕಡಿದು, ನಡುವೆ ಎರಡು ಶಿಲಾಭಿತ್ತಿಗಳನ್ನುಳಿಸಿ ತೋಡಿದ ಮೂರು ಸಾಲಿನ ಕಂದಕ.

ಆ ಕಾಲದಲ್ಲಿ ಕೋಟೆ ಎಂದರೆ ದೊಡ್ಡದೊಂದು ಕಚೇರಿಯೂ ಹೌದು. 1470ರ ಸುಮಾರಿಗೆ ಬೀದರಕ್ಕೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಅರಮನೆಯ ಏಳು ಬಾಗಿಲುಗಳಲ್ಲಿ ಒಂದೊಂದರಲ್ಲೂ ನೂರು ಕಾವಲುಗಾರರೂ ನೂರು ಬರಹಗಾರರೂ ಕುಳಿತಿರುತ್ತಿದ್ದರೆಂದೂ, ಒಳಹೋದವರನ್ನು ಕೆಲವರು, ಹೊರಬಂದವರನ್ನು ಕೆಲವರು ಬರೆದಿಡುತ್ತಿದ್ದರೆಂದೂ ಹೇಳಿದ್ದಾನೆ. ಆ ಬರಹಗಾರರು ಮುಸಲ್ಮಾನರಲ್ಲ ಎಂಬುದನ್ನೂ ಅವನು ಗಮನಿಸಿದ್ದಾನೆ. ಸುಲ್ತಾನನ ಬಾಗಿಲನ್ನು ಕತ್ತಿಯೊಂದಿಗೆ ಲೇಖನಿಯೂ ಕಾಯುತ್ತಿತ್ತು.

ಬಹಮನಿಗಳ ನಂತರ ಬರೀದಶಾಹಿಗಳ ರಾಜ್ಯ ಕಿರಿದಾಯಿತು, ಅಭಿರುಚಿ ಕಿರಿದಾಗಲಿಲ್ಲ. 16ನೇ ಶತಮಾನದಲ್ಲಿ ಅಲಿ ಬರೀದನು ಅಂದಗೊಳಿಸಿದ ರಂಗೀನ ಮಹಲಿನಲ್ಲಿ ಕೆತ್ತನೆಯ ಮರದ ಕಂಬಗಳೂ, ಬಣ್ಣದ ಹೆಂಚುಗಳೂ, ಕರಿಗಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪೂ ಇಂದಿಗೂ ಕಣ್ಸೆಳೆಯುತ್ತವೆ.

1657ರಲ್ಲಿ ಔರಂಗಜೇಬನು ಕೋಟೆಯನ್ನು ಮುತ್ತಿದನು. ಇಪ್ಪತ್ತೇಳು ದಿನಗಳ ಮುತ್ತಿಗೆಯ ಕೊನೆಗೆ ಒಳಗಿದ್ದ ಮದ್ದಿಗೆ ಕಿಡಿ ತಗುಲಿ, ಕೋಟೆಯ ಅಧಿಪತಿ ಸಿದ್ದಿ ಮರ್ಜಾನನು ಮಾರಣಾಂತಿಕವಾಗಿ ಗಾಯಗೊಂಡನು, ಕೋಟೆ ಕೈಬಿಟ್ಟಿತು. ಊರಿಗೆ ಜಫರಾಬಾದ ಎಂಬ ಹೊಸ ಹೆಸರು ಬಂತು. ಕೋಟೆಯ ಹೊರಗೆ ಪಟ್ಟಣದಲ್ಲಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸವೂ ಮುಂದೆ ಮದ್ದಿನ ಉಗ್ರಾಣವಾಗಿ, ಆ ಶತಮಾನದ ಕೊನೆಗೆ ಸಿಡಿದು ಅರ್ಧ ಮುಂಭಾಗವನ್ನು ಕಳೆದುಕೊಂಡಿತು. ಕಟ್ಟಡವನ್ನು ಹಾಳುಗೆಡವಲು ಶತ್ರುವೇ ಬೇಕೆಂದಿಲ್ಲ. ತಪ್ಪು ಉಪಯೋಗವೊಂದೇ ಸಾಕು.

ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದು ಬೆಳೆಯಿತು, ಬೀದರ ಹಿಂದೆ ಸರಿಯಿತು. ಆದರೂ ಆ ಸಂಸ್ಥಾನದ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿಯವರು ಇಲ್ಲಿಯ ಕಟ್ಟಡಗಳನ್ನು ಅಳೆದು, ಶಾಸನಗಳನ್ನೋದಿ, 1947ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಒಂಬತ್ತು ವರ್ಷಗಳ ನಂತರ ಜಿಲ್ಲೆಯೇ ಮೂರು ಪಾಲಾಯಿತು. ಉದಗೀರ, ನಿಲಂಗಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ ಆಂಧ್ರಕ್ಕೆ ಸೇರಿದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ ಬಂದವು. ದಖನ್ನಿನ ನಡುಮನೆಯಾಗಿದ್ದ ಕೋಟೆ ಕರ್ನಾಟಕದ ಬಡಗಣ ಮೂಲೆಯಾಯಿತು. ರಾಜರ ಸ್ನಾನಗೃಹವಾಗಿದ್ದ ಹಮಾಮು ಈಗ ವಸ್ತು ಸಂಗ್ರಹಾಲಯ. ಒಳಹೋಗುವವರ ಹೆಸರನ್ನು ಬರೆದಿಡುತ್ತಿದ್ದ ಕೋಟೆಯಲ್ಲಿ ಇಂದು ಭಾಲ್ಕಿ, ಔರಾದಗಳ ಶಾಲೆಯ ಮಕ್ಕಳು ಅಳುಕಿಲ್ಲದೆ ಅಡ್ಡಾಡಬಹುದು.

ಇಷ್ಟೆಲ್ಲ ಬದಲಾವಣೆಗಳ ನಡುವೆ, ಯಾವ ಸುಲ್ತಾನನೂ ಆಜ್ಞಾಪಿಸದ ಉಪಯೋಗವೊಂದು ಇಲ್ಲಿ ಉಳಿದುಕೊಂಡು ಬಂದಿದೆ. ಬಿದರಿಯ ಕಸಬುದಾರರು ಕೋಟೆಯೊಳಗಿನ, ಬಿಸಿಲು ಮಳೆ ತಾಗದ ಹಳೆಯ ಮಣ್ಣನ್ನು ಒಯ್ದು, ನವಸಾಗರದೊಡನೆ ನೀರಿನಲ್ಲಿ ಕುದಿಸುತ್ತಾರೆ. ಆ ದ್ರಾವಣದಲ್ಲಿ ಸತು, ತಾಮ್ರಗಳ ಪಾತ್ರೆ ಕಪ್ಪಾಗುತ್ತದೆ. ಅದರಲ್ಲಿ ಕೂರಿಸಿದ ಬೆಳ್ಳಿಯ ಎಳೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಮಣ್ಣಿನ ಗುಣವನ್ನು ನಾಲಿಗೆಗಿಟ್ಟು ಅರಿಯುವವರೂ ಇದ್ದಾರೆ.

ಕೋಟೆಯ ರಕ್ಷಣೆಯೆಂದರೆ ಕಲ್ಲುಗಾರೆಯ ರಕ್ಷಣೆಯಷ್ಟೇ ಆಗಬಾರದೆಂಬುದು ನನ್ನ ಅರಿಕೆ. ಕುಸಿದ ಗೋಡೆಯನ್ನು ನಿಲ್ಲಿಸೋಣ, ಮಾಸಿದ ಹೆಂಚನ್ನು ಉಳಿಸೋಣ. ಆದರೆ ಹಳೆಯ ನೆಲವನ್ನು ಅಗೆದು ಸಮಮಾಡಿ ಚಪ್ಪಡಿ ಹಾಸುವ ಮುನ್ನ ಬಿದರಿಯ ಕಸಬುದಾರರನ್ನು ಒಂದು ಮಾತು ಕೇಳುವುದು ಒಳ್ಳೆಯದು.