ಎದುರು ಬದಿಯನ್ನೂ ಓದಿಕೊಂಡು ಬಾ: ಚರ್ಚಾ ಸ್ಪರ್ಧೆಯ ಮಕ್ಕಳಿಗೆ 1894ರ ಪಾಠ

'ಸನ್ಮಾನ್ಯ ಅಧ್ಯಕ್ಷರೇ, ನಿಷ್ಪಕ್ಷಪಾತ ತೀರ್ಪುಗಾರರೇ, ಸಮಯಪಾಲಕರೇ ಹಾಗೂ ನನ್ನ ಎದುರಾಳಿ ಮಿತ್ರರೇ...'

ಈ ಸಾಲು ಕೇಳದವರು ಹೊಸಕೋಟೆ ತಾಲ್ಲೂಕಿನಲ್ಲಿ ಯಾರಿದ್ದಾರೆ? ಪ್ರತಿಭಾ ಕಾರಂಜಿ ಶುರುವಾದರೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಇದೇ ಸಾಲು ಮೈಕಿನಲ್ಲಿ ಮೊಳಗುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ಎರಡು ನಿಮಿಷ ಸಿಡಿಲಿನ ಹಾಗೆ ಮಾತಾಡುತ್ತಾಳೆ. ಆಮೇಲೆ ಒಂದು ಪದ ಮರೆಯುತ್ತದೆ. ಅಲ್ಲಿಗೆ ಎಲ್ಲವೂ ನಿಂತುಹೋಗುತ್ತದೆ. ಪಕ್ಕದಲ್ಲಿ ನಿಂತ ಮೇಷ್ಟ್ರು ತುಟಿ ಆಡಿಸಿ ನೆನಪು ಮಾಡುತ್ತಾರೆ. ಹುಡುಗಿಯ ಕಣ್ಣು ತುಂಬಿಬರುತ್ತದೆ.

ಅವಳಿಗೆ ಮರೆತದ್ದು ತನ್ನ ಮಾತಲ್ಲ, ಬೇರೆಯವರು ಬರೆದುಕೊಟ್ಟ ಮಾತು. ಅದಕ್ಕೇ ಒಂದು ಪದ ಜಾರಿದರೆ ಇಡೀ ಭಾಷಣ ಜಾರುತ್ತದೆ.

ನಾವು ಕೆಲವರು ಇಂಥ ಸ್ಪರ್ಧೆಗಳಲ್ಲಿ ಮಾತಾಡಿಯೇ ಬೆಳೆದವರು. ಕಪ್ಪು ಗೆದ್ದಿದ್ದೇವೆ, ನಡುವೆ ನಿಂತು ಬೆವರಿದ್ದೂ ಇದೆ. ಈಗ ಹಿಂದಿರುಗಿ ನೋಡಿದಾಗ ಒಂದು ಪ್ರಶ್ನೆ ಕಾಡುತ್ತದೆ. ಸರಿ ತಪ್ಪಿನ ವಿಷಯದಲ್ಲಿ ವಾದ ಮಾಡುವುದಕ್ಕೆ ತಯಾರಾಗುವುದು ಎಂದರೇನು? ನಮ್ಮ ಹಿಂದಿನವರು ಅದನ್ನು ಹೇಗೆ ಮಾಡುತ್ತಿದ್ದರು?

ವಿತಂಡವಾದ ಎಂಬ ಮಾತು ಎಲ್ಲಿಂದ ಬಂತು

ಮನೆಯಲ್ಲಿ ಮಕ್ಕಳು ಎದುರುತ್ತರ ಕೊಟ್ಟರೆ 'ವಿತಂಡವಾದ ಮಾಡಬೇಡ' ಎಂದು ಬೈಯುತ್ತೇವೆ. ಇದು ಬರೀ ಬೈಗುಳ ಅಲ್ಲ, ನ್ಯಾಯಶಾಸ್ತ್ರದ ಪದ. ನ್ಯಾಯಸೂತ್ರಗಳು ಮಾತಿನ ಜಗಳವನ್ನು ಮೂರು ಬಗೆಯಾಗಿ ವಿಂಗಡಿಸುತ್ತವೆ. ನಿಜ ಯಾವುದು ಎಂದು ತಿಳಿಯಲು ನಡೆಸುವ ಮಾತುಕತೆ ವಾದ. ಹೇಗಾದರೂ ಗೆಲ್ಲಬೇಕು ಎಂದು ಆಡುವುದು ಜಲ್ಪ. ತನ್ನದೊಂದು ನಿಲುವು ಇಲ್ಲದೆ ಎದುರಿನವರದನ್ನು ಕೆಡವುವುದಷ್ಟೇ ಕೆಲಸವಾದರೆ ಅದು ವಿತಂಡ.

ಇನ್ನೊಂದು ಪದ ಪೂರ್ವಪಕ್ಷ. ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಿನವರ ಮಾತನ್ನು ಸರಿಯಾಗಿ ಮುಂದಿಡಬೇಕು. ಆಮೇಲೆ ಉತ್ತರ ಕೊಡಬೇಕು. ಪಂಡಿತರ ಗ್ರಂಥಗಳಲ್ಲಿ ಇದು ರೂಢಿಯ ಕ್ರಮ. ಆ ಪಾಠಶಾಲೆಗಳ ಬಾಗಿಲು ಬಹಳ ಜಾತಿಗಳಿಗೆ, ಹೆಣ್ಣುಮಕ್ಕಳಿಗೆ ಮುಚ್ಚಿತ್ತು ಎಂಬುದನ್ನೂ ನಾವು ಮರೆಯಬಾರದು.

ಆದರೆ ಬಯಲಿನಲ್ಲೂ ಒಂದು ಶಾಲೆ ಇತ್ತು. ಕರಾವಳಿ ಮತ್ತು ಕಾಸರಗೋಡಿನ ಕಡೆಯ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ಸಾಯುತ್ತಿರುವ ವಾಲಿ ಕೇಳುತ್ತಾನೆ: ಇದು ಯಾವ ಧರ್ಮ? ಆ ಪ್ರಶ್ನೆಗೆ ಬರೆದಿಟ್ಟ ಉತ್ತರ ಇಲ್ಲ. ಎದುರಿನವರ ಮಾತು ಕೇಳಿ ಅಲ್ಲೇ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ ಮಾತಿಗಿಳಿದರೆ ಜನ ರಾತ್ರಿಯಿಡೀ ಕೂರುತ್ತಿದ್ದರು. ಅರ್ಥಧಾರಿಗೆ ಇವತ್ತು ವಾಲಿಯ ಪಾತ್ರ ಸಿಕ್ಕರೆ ನಾಳೆ ರಾಮನದು ಸಿಗಬಹುದು. ಹಾಗಾಗಿ ಎರಡೂ ಬದಿ ತಿಳಿದಿರಲೇಬೇಕು.

ಮೈಸೂರಿನ ಸಭೆ

ನಮ್ಮ ಸೀಮೆಗೆ ಬರೋಣ. ಹೊಸಕೋಟೆ ಆಗ ಮೈಸೂರು ಸಂಸ್ಥಾನದ ಬೆಂಗಳೂರು ಜಿಲ್ಲೆಯ ಒಂದು ತಾಲ್ಲೂಕು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆ ಆ ವರ್ಷದ ಅಕ್ಟೋಬರ್ 7ರಂದು ಮೈಸೂರಿನಲ್ಲಿ ನಡೆಯಿತು, 144 ಸದಸ್ಯರಿದ್ದರು. ತಾಲ್ಲೂಕುಗಳಿಂದ ಜಮೀನುದಾರ ರೈತರು, ಜಿಲ್ಲೆಗಳಿಂದ ವರ್ತಕರು ಬರಬೇಕೆಂಬುದು ಏರ್ಪಾಡು. ಕಾನೂನು ಮಾಡುವ ಅಧಿಕಾರ ಈ ಸಭೆಗಿರಲಿಲ್ಲ. ಕಷ್ಟಸುಖ ಹೇಳಬಹುದಿತ್ತು, ಅಭಿಪ್ರಾಯ ಕೊಡಬಹುದಿತ್ತು. ಆದರೂ ಹಳ್ಳಿಯ ಯಜಮಾನನೊಬ್ಬ ದಿವಾನರ ಎದುರು ಎದ್ದು ನಿಂತು ಮಾತಾಡುವುದು ಆ ಕಾಲಕ್ಕೆ ಸಣ್ಣ ಸಂಗತಿ ಅಲ್ಲ.

ಆ ದಶಕಗಳಲ್ಲಿ ಇಡೀ ದೇಶವನ್ನು ಎರಡು ಪಾಲು ಮಾಡಿದ ಒಂದು ಪ್ರಶ್ನೆ ಇತ್ತು. ಹಾಲುಗಲ್ಲದ ಹೆಣ್ಣುಮಕ್ಕಳ ಮದುವೆಯನ್ನು ಸರ್ಕಾರ ಕಾನೂನಿನಿಂದ ತಡೆಯಬಹುದೇ?

1884ರಲ್ಲಿ ಮುಂಬೈಯ ಪತ್ರಕರ್ತ ಬೆಹ್ರಾಂಜಿ ಮಲಬಾರಿ ಬಾಲ್ಯವಿವಾಹದ ವಿರುದ್ಧ ಬರೆದು ಕಿಡಿ ಹಚ್ಚಿದರು. ಅದೇ ಹೊತ್ತಿಗೆ ರುಖ್ಮಾಬಾಯಿ ಎಂಬ ಯುವತಿಯ ಮೊಕದ್ದಮೆ ಶುರುವಾಯಿತು. 11ನೇ ವಯಸ್ಸಿನಲ್ಲಿ ತನ್ನನ್ನು ಕೇಳದೆ ಮಾಡಿದ ಮದುವೆಗೆ ತಾನು ಬದ್ಧಳಲ್ಲ, ಗಂಡನ ಮನೆಗೆ ಹೋಗುವುದಿಲ್ಲ ಎಂದು ಆಕೆ ಪಟ್ಟು ಹಿಡಿದರು. ಹೋಗು, ಇಲ್ಲವಾದರೆ ಜೈಲಿಗೆ ಹೋಗು ಎಂದಿತು 1887ರ ತೀರ್ಪು. ಜೈಲಿಗೇ ಹೋಗುತ್ತೇನೆ ಎಂದರು ಆಕೆ. ಕೊನೆಗೆ 1888ರಲ್ಲಿ ರಾಜಿಯಾಯಿತು. ಮುಂದೆ ಇಂಗ್ಲೆಂಡಿಗೆ ಹೋಗಿ ಓದಿ ಡಾಕ್ಟರ್ ಆದರು.

1891ರಲ್ಲಿ ಬ್ರಿಟಿಷ್ ಸರ್ಕಾರ ಸಮ್ಮತಿ ವಯಸ್ಸಿನ ಕಾಯ್ದೆ ತಂದು, 10 ಇದ್ದದ್ದನ್ನು 12ಕ್ಕೆ ಏರಿಸಿತು. ಬಾಲಗಂಗಾಧರ ತಿಲಕರು ಇದನ್ನು ಗಟ್ಟಿಯಾಗಿ ವಿರೋಧಿಸಿದರು. ಸುಧಾರಣೆ ನಮ್ಮೊಳಗಿಂದ, ಜನರ ತಿಳಿವಳಿಕೆಯಿಂದ ಆಗಬೇಕು, ಪರದೇಶದ ಸರ್ಕಾರ ನಮ್ಮ ಧರ್ಮದೊಳಗೆ ಕೈ ಹಾಕಬಾರದು ಎಂಬುದು ಅವರ ವಾದದ ತಿರುಳು.

ಈಗ ಮೈಸೂರಿನ ವಿಶೇಷ ನೋಡಿ. ಇಲ್ಲಿ ಆಳುತ್ತಿದ್ದವರು ಪರದೇಶದವರಲ್ಲ, ಹತ್ತನೆಯ ಚಾಮರಾಜ ಒಡೆಯರು. ದಿವಾನರು ಕೆ. ಶೇಷಾದ್ರಿ ಅಯ್ಯರ್. ಪರದೇಶದವರು ಎಂಬ ವಾದಕ್ಕೆ ಇಲ್ಲಿ ಅಷ್ಟು ಕಸುವಿರಲಿಲ್ಲ. ಹಾಗಾಗಿ ನಿಜವಾದ ಪ್ರಶ್ನೆ ಬಟಾಬಯಲಾಗಿ ನಿಂತಿತು: ನಮ್ಮದೇ ಸರ್ಕಾರವಾದರೂ, ಮನೆಯೊಳಗಿನ ತಪ್ಪನ್ನು ಕಾನೂನು ತಿದ್ದಬಹುದೇ?

1894ರಲ್ಲಿ ಮೈಸೂರು ಶಿಶುವಿವಾಹ ತಡೆ ಕಾಯ್ದೆ ಬಂತು. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಮಾಡಿಸುವುದು ಅಪರಾಧ. 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ.

ಇವತ್ತು ಓದಿದರೆ ಎಂಟು ವರ್ಷವೇ ಎಂದು ಹೊಟ್ಟೆ ಕಿವುಚುತ್ತದೆ. ಆದರೆ ಗೆರೆ ಎಲ್ಲಿ ಎಳೆದಿದ್ದಾರೆ ನೋಡಿ. ಎಂಟನೇ ವರ್ಷದ ಮದುವೆಯನ್ನು ಹಳೆಯ ಶಾಸ್ತ್ರಗ್ರಂಥಗಳು ಒಪ್ಪಿದ್ದವು. ಅದಕ್ಕಿಂತ ಕೆಳಗೆ ಗೆರೆ ಎಳೆದರೆ ಶಾಸ್ತ್ರಕ್ಕೆ ವಿರುದ್ಧ ಎಂದು ಹೇಳುವುದು ಕಷ್ಟ. ಎದುರು ಬದಿಯ ಅತಿ ಗಟ್ಟಿ ವಾದ ಯಾವುದು ಎಂದು ತಿಳಿದವರು ಮಾತ್ರ ಹೀಗೆ ಗೆರೆ ಎಳೆಯಬಲ್ಲರು. ಕಾನೂನು ಪಾಸಾದದ್ದರಲ್ಲಿ ಇದರ ಪಾಲಿದೆ ಎಂದು ನಮಗೆ ಅನಿಸುತ್ತದೆ. ಅದಕ್ಕೆ ತೆತ್ತ ಬೆಲೆಯೂ ಇದೇ: ಒಂಬತ್ತು, ಹತ್ತು ವರ್ಷದ ಮಕ್ಕಳು ಕಾನೂನಿನ ಹೊರಗೇ ಉಳಿದರು.

ಇನ್ನೊಂದು ಮಾತು. ಆ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಯಾರ ಬದುಕಿನ ಬಗ್ಗೆ ಕಾನೂನು ಬಂತೋ ಅವರ ಮಾತು ಅಲ್ಲಿ ಕೇಳಿಸಲೇ ಇಲ್ಲ. ಮುಂಬೈಯಲ್ಲಿ ರುಖ್ಮಾಬಾಯಿ ಪತ್ರಿಕೆಗೆ ಬರೆದಾಗಲೂ ಹೆಸರು ಹಾಕಲಿಲ್ಲ, 'ಒಬ್ಬ ಹಿಂದೂ ಮಹಿಳೆ' ಎಂದಷ್ಟೇ ಹಾಕಿಕೊಳ್ಳಬೇಕಾಯಿತು.

ಅಜ್ಜಿಯ ಮಾತಿಗೆ ಉತ್ತರ

ಈ ಹಳೆಯ ಕತೆ ಇವತ್ತಿನ ಹುಡುಗಿಗೆ ಯಾಕೆ ಬೇಕು? ಯಾಕೆಂದರೆ ಬಾಲ್ಯವಿವಾಹ ಈಗಲೂ ಶಾಲೆಯ ಚರ್ಚೆಯ ವಿಷಯ, ಈಗಲೂ ಊರಿನ ವಿಷಯ. 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 2006ರ ಕಾಯ್ದೆಯಲ್ಲಿ ಅದು 18 ಮತ್ತು 21. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಇನ್ನೂ ಮುಂದೆ ಹೋಗಿ, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು.

ಸ್ಪರ್ಧೆಯಲ್ಲಿ ಪರವಾಗಿ ಮಾತಾಡುವ ಹುಡುಗಿ ಈ ಸೆಕ್ಷನ್ನುಗಳನ್ನು ಗಟ್ಟಿ ಮಾಡಿ ಒಪ್ಪಿಸುತ್ತಾಳೆ, ಚಪ್ಪಾಳೆ ಬೀಳುತ್ತದೆ. ಸಂಜೆ ಮನೆಗೆ ಬಂದಾಗ ಅಜ್ಜಿ ಕೇಳುತ್ತಾಳೆ: 'ನಿಮ್ಮಪ್ಪನಿಗೆ ಹುಷಾರಿಲ್ಲ, ಮೂರು ಹೆಣ್ಣು. ನಾಳೆ ಏನಾದರೂ ಆದರೆ ನಿನ್ನನ್ನ ಯಾರ ಕೈಗೆ ಕೊಡೋದು? ಹೆತ್ತ ಹೊಟ್ಟೆ ಭಯ ನಿನಗೇನು ಗೊತ್ತು?'

ಹುಡುಗಿ ಸುಮ್ಮನಾಗುತ್ತಾಳೆ. ಯಾಕೆಂದರೆ ಅವಳು ಓದಿಕೊಂಡ ವಿರೋಧ ಪಕ್ಷ ಬರೀ 'ಮೂಢರು, ಅಜ್ಞಾನಿಗಳು' ಎಂಬ ಪಕ್ಷ. ಅಜ್ಜಿ ಮೂಢಳಲ್ಲ. ಅವಳ ಭಯ ನಿಜ. ಆ ಭಯವನ್ನು ಮೊದಲೇ ಓದಿಕೊಂಡಿದ್ದರೆ ಹುಡುಗಿ ಹೇಳಬಹುದಿತ್ತು: 'ಅಜ್ಜಿ, ನಿನ್ನ ಭಯ ಸರಿ. ಆದರೆ ಹದಿನಾರಕ್ಕೆ ಮದುವೆ ಮಾಡಿದರೆ ಭಯ ಹೋಗಲ್ಲ, ನಿನ್ನ ತಲೆ ಮೇಲಿಂದ ನನ್ನ ತಲೆ ಮೇಲಕ್ಕೆ ಬರುತ್ತೆ. ನಾನು ಓದಿ ಕೆಲಸ ಹಿಡಿದರೆ ತಂಗಿಯರನ್ನೂ ನೋಡಿಕೊಳ್ಳುತ್ತೇನೆ.'

ಕಪ್ಪು ಬೀರುವಿಗೆ ಹೋಗುತ್ತದೆ. ಈ ಉತ್ತರ ಜೀವನ ಉಳಿಸುತ್ತದೆ.

ತಯಾರಿ ಹೇಗೆ?

ಹಳೆಯವರಿಂದ ನಾವು ಕಲಿತದ್ದನ್ನು ನಮ್ಮ ಪಕ್ಕದ ಒಂದು ವಿಷಯಕ್ಕೆ ಹಚ್ಚಿ ನೋಡೋಣ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು 1,777 ಎಕರೆ ಸ್ವಾಧೀನ ಮಾಡಲು ಸರ್ಕಾರ ಹೊರಟಿತು. 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಘೋಷಿಸಿದರು. ಇಷ್ಟಪಟ್ಟು ಕೊಡುವವರ ಜಮೀನನ್ನು ಹೆಚ್ಚಿನ ದರ ಕೊಟ್ಟು ತೆಗೆದುಕೊಳ್ಳುತ್ತೇವೆ ಎಂದೂ ಹೇಳಿದರು. ಚರ್ಚೆಯ ವಿಷಯ ಹೀಗಿರಲಿ: 'ಸಾರ್ವಜನಿಕ ಉದ್ದೇಶಕ್ಕಾಗಿ ಒಪ್ಪದ ರೈತನ ಭೂಮಿ ಪಡೆಯುವುದು ನ್ಯಾಯ.'

ಮೊದಲು, ಪದ ಬಿಡಿಸಿಕೊಳ್ಳಿ. 'ಸಾರ್ವಜನಿಕ' ಎಂದರೆ ಯಾರು? ರಸ್ತೆ, ಆಸ್ಪತ್ರೆ, ಕಾರ್ಖಾನೆ, ಮೂರೂ ಒಂದೇ ತೂಕವೇ?

ಎರಡನೆಯದು, ಸಂಗತಿ ಬೇರೆ, ನ್ಯಾಯ ಬೇರೆ ಮಾಡಿ. ಎಷ್ಟು ಎಕರೆ, ಏನು ಬೆಳೆ, ಏನು ಪರಿಹಾರ ಎಂಬುದು ಸಂಗತಿ. ಅದನ್ನು ಕೇಳಿ, ಹುಡುಕಿ ತಿಳಿಯಬಹುದು. ಎಷ್ಟೇ ದುಡ್ಡು ಕೊಟ್ಟರೂ ಬೇಡ ಎನ್ನುವ ಹಕ್ಕು ರೈತನಿಗಿದೆಯೇ ಎಂಬುದು ನ್ಯಾಯದ ಪ್ರಶ್ನೆ. ಅದಕ್ಕೆ ಅಂಕಿಅಂಶ ಒಂದೇ ಉತ್ತರ ಕೊಡುವುದಿಲ್ಲ.

ಮೂರನೆಯದು, ಪೂರ್ವಪಕ್ಷ. ನೋಟ್‌ಬುಕ್ಕಿನ ಎಡ ಪುಟದಲ್ಲಿ ಎದುರಾಳಿಯ ಅತಿ ಗಟ್ಟಿ ಮೂರು ಮಾತು ಬರೆಯಿರಿ. ಅವರು ಓದಿದರೆ 'ಹೌದು, ನಾವು ಹೇಳುವುದು ಇದೇ' ಎನ್ನಬೇಕು. ಉತ್ತರ ಬಲ ಪುಟಕ್ಕೆ. ಉತ್ತರ ಸಿಗದ ಮಾತಿದ್ದರೆ ಖಾಲಿ ಬಿಡಿ, ವೇದಿಕೆಯಲ್ಲಿ ಅದನ್ನು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಸೋಲಲ್ಲ.

ನಾಲ್ಕನೆಯದು, ಸಭೆಯಲ್ಲಿ ಇಲ್ಲದವರು ಯಾರು ಎಂದು ಕೇಳಿ. 1894ರಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಭೂಮಿಯ ವಿಷಯದಲ್ಲಿ ಪಹಣಿಯಲ್ಲಿ ಹೆಸರಿಲ್ಲದ ಕೂಲಿಯವರು, ಗುತ್ತಿಗೆಗೆ ಉಳುವವರು, ಮನೆಯ ಹೆಂಗಸರು, ಕೆಲಸಕ್ಕಾಗಿ ಕಾಯುತ್ತಿರುವ ಹುಡುಗರು. ಅವರಲ್ಲಿ ಒಬ್ಬರನ್ನಾದರೂ ಮಾತಾಡಿಸಿ ಬನ್ನಿ.

ಐದನೆಯದು, ಭಾಷಣ ಬಾಯಿಪಾಠ ಮಾಡಬೇಡಿ, ದಾರಿ ಬಾಯಿಪಾಠ ಮಾಡಿ. ನಾಲ್ಕು ಮೈಲಿಗಲ್ಲು ನೆನಪಿದ್ದರೆ ಸಾಕು, ನಡುವಿನ ನಡಿಗೆ ನಿಮ್ಮದೇ.

ಗೆಲ್ಲುವುದಕ್ಕಿಂತ ಮುಂದೆ

1993ರಲ್ಲಿ ಅಮೆರಿಕದ ಷಿಕಾಗೋದಲ್ಲಿ ರಾಬರ್ಟ್ ಲೇಡನ್ಸನ್ ಎಂಬ ಪ್ರೊಫೆಸರ್ 'ಎಥಿಕ್ಸ್ ಬೌಲ್' ಎಂಬ ಸ್ಪರ್ಧೆ ಶುರು ಮಾಡಿದರು. ಅಲ್ಲಿ ಮಕ್ಕಳಿಗೆ ಪ್ರಸಂಗಗಳನ್ನು ಮೊದಲೇ ಕೊಡುತ್ತಾರೆ. ನೀನು ಪರ, ನೀನು ವಿರೋಧ ಎಂದು ಹಂಚುವುದಿಲ್ಲ. ಎರಡೂ ತಂಡ ಒಂದೇ ನಿಲುವಿಗೆ ಬಂದರೂ ತಪ್ಪಿಲ್ಲ. ಎಷ್ಟು ಆಳವಾಗಿ ಯೋಚಿಸಿದ್ದೀರಿ, ಬೇರೆಯವರ ಮಾತನ್ನು ಎಷ್ಟು ಗೌರವದಿಂದ ತೂಗಿದ್ದೀರಿ ಎಂಬುದಕ್ಕೆ ಅಂಕ.

ಇದು ಹೊಸದು ಅನಿಸಬಹುದು. ಆದರೆ ವಾದ ಬೇರೆ, ಜಲ್ಪ ಬೇರೆ ಎಂದವರ ನಾಡಿಗೆ ಇದು ಹೊಸದಲ್ಲ.

ನಮ್ಮ ಮೇಷ್ಟ್ರುಗಳಲ್ಲಿ, ಮಿಸ್‌ಗಳಲ್ಲಿ ಒಂದೇ ಬೇಡಿಕೆ. ಮುಂದಿನ ಸಲ ಭಾಷಣ ಬರೆದುಕೊಡುವ ಬದಲು ಮಗುವಿಗೆ ಎರಡು ಪ್ರಶ್ನೆ ಕೊಡಿ: ನಿನಗೆ ಏನನ್ನಿಸುತ್ತದೆ? ಎದುರಿನವರಿಗೆ ಯಾಕೆ ಹಾಗನ್ನಿಸುತ್ತದೆ? ಮಗು ಎರಡನೇ ನಿಮಿಷದಲ್ಲಿ ತಡವರಿಸಬಹುದು. ತಡವರಿಸಲಿ. ಮಾತು ತನ್ನದೇ ಆಗಿದ್ದರೆ ಮತ್ತೆ ಹುಡುಕಿಕೊಳ್ಳುತ್ತದೆ.

ಸಂಜೆ ಮನೆಯಲ್ಲಿ ಅಜ್ಜಿ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಕಾಯುತ್ತಿರುತ್ತಾಳೆ. ಆ ಚರ್ಚೆಗೆ ತೀರ್ಪುಗಾರರಿಲ್ಲ, ಸಮಯಪಾಲಕರೂ ಇಲ್ಲ.