ಹ್ಯೂಮ್ ಸಾಹೇಬನ ಹಕ್ಕಿಗಳು

ಎ. ಓ. ಹ್ಯೂಮ್ ಎಂದೊಡನೆ ನಮ್ಮ ಶಾಲೆಯಲ್ಲಿ ಕಲಿತವರಿಗೆ ನೆನಪಾಗುವುದು ಒಂದು ಅಂಕದ ಪ್ರಶ್ನೆ: 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ ಬ್ರಿಟಿಷ್ ಅಧಿಕಾರಿ ಯಾರು? ಪಠ್ಯಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಇತಿಹಾಸ ಪಾಠ ಹೇಳಿದ ನನಗೆ ಈತ ಹತ್ತಿರವಾದದ್ದು ಮಾತ್ರ ಹಕ್ಕಿಗಳಿಂದ.

1849ರಲ್ಲಿ ಭಾರತಕ್ಕೆ ಬಂದ ಹ್ಯೂಮ್, ಇಟಾವಾ ಜಿಲ್ಲೆಯ ಅಧಿಕಾರಿಯಾಗಿದ್ದಾಗ ಉಚಿತ ಪ್ರಾಥಮಿಕ ಶಾಲೆಗಳನ್ನು ತೆರೆದವನು. ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ಬಿಡಲಾಗದು. ಸರ್ಕಾರಿ ಕೆಲಸದ ನಡುವೆ ಹಕ್ಕಿಗಳ ಬೆನ್ನು ಹತ್ತಿದ. ಆಗ ಹಕ್ಕಿಯನ್ನು ಅರಿಯುವುದೆಂದರೆ ಗುಂಡಿಕ್ಕಿ ಕೆಡಹುವುದು, ಮಾಂಸ ತೆಗೆದು, ಹುಳು ಹಿಡಿಯದಂತೆ ಚರ್ಮಕ್ಕೆ ಪಾಷಾಣ ಸವರಿ, ಹತ್ತಿ ತುಂಬಿ, ಸ್ಥಳ, ದಿನಾಂಕ ಬರೆದ ಚೀಟಿಯನ್ನು ಕಾಲಿಗೆ ಕಟ್ಟುವುದು. ಇಂದು ಓದಿದರೆ ಮನಸ್ಸು ಹಿಂಡುತ್ತದೆ. ಮುಂದೆ ಹ್ಯೂಮನೇ ಕೊಲ್ಲುವುದನ್ನು ಬಿಟ್ಟು ಸಸ್ಯಾಹಾರಿಯಾದ.

1872ರಲ್ಲಿ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆ ಆರಂಭಿಸಿದ. ಹಕ್ಕಿ ಹುಚ್ಚಿನ ಅಧಿಕಾರಿಗಳು, ಸೈನಿಕರು ಅದಕ್ಕೆ ಬರೆದರು; ಬೆಳಗಾವಿಯಲ್ಲಿದ್ದ ಸೇನಾಧಿಕಾರಿ ಬಟ್ಲರ್ ಅವರಲ್ಲೊಬ್ಬ. ಹಕ್ಕಿ ಹಿಡಿದು ತಂದುಕೊಟ್ಟ ಹಳ್ಳಿಗರ ಹೆಸರು ಸಿಗುವುದು ಅಪರೂಪ.

ಶಿಮ್ಲಾದ ಜಾಖೂ ಬೆಟ್ಟದ ಮೇಲಿನ ಮನೆಯೇ ಅವನ ವಸ್ತುಸಂಗ್ರಹಾಲಯ. ಭಾರತದ ಹಕ್ಕಿಗಳ ಮೇಲೆ ಮಹಾಗ್ರಂಥವೊಂದನ್ನು ಬರೆಯಲು ಇಪ್ಪತ್ತೈದು ವರ್ಷಗಳ ಟಿಪ್ಪಣಿಗಳನ್ನು ಅಲ್ಲಿಟ್ಟಿದ್ದ. 1884ರ ಚಳಿಗಾಲದಲ್ಲಿ ಅವನು ಬಯಲುಸೀಮೆಗೆ ಇಳಿದಿದ್ದಾಗ, ಮನೆಯ ಆಳೊಬ್ಬ ಅವನ್ನೆಲ್ಲ ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟ! ಹ್ಯೂಮ್ ಗ್ರಂಥದ ಆಸೆಯನ್ನೇ ಬಿಟ್ಟ. ಚರ್ಮ, ಮೊಟ್ಟೆ, ಗೂಡು ಸೇರಿ ಸುಮಾರು 82,000 ಮಾದರಿಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಕೊಟ್ಟ. 1885ರಲ್ಲಿ ಅಲ್ಲಿಯ ಬೌಡ್ಲರ್ ಶಾರ್ಪ್ ಶಿಮ್ಲಾಕ್ಕೆ ಬಂದು, 47 ದೇವದಾರು ಪೆಟ್ಟಿಗೆಗಳಲ್ಲಿ ಎಲ್ಲವನ್ನೂ ತುಂಬಿಸಿಕೊಂಡು ಹೋದ. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ.

ನನ್ನ ಮಟ್ಟಿಗೆ ರದ್ದಿಯಾದ ಕಾಗದವೇ ದೊಡ್ಡ ನಷ್ಟ. ಹಕ್ಕಿ ಹೇಗೆ ಕೂಗುತ್ತಿತ್ತು, ಯಾವ ಮಾಸದಲ್ಲಿ ಎಲ್ಲಿಗೆ ಬರುತ್ತಿತ್ತು ಎಂಬುದನ್ನೆಲ್ಲ ಒಣಗಿದ ಚರ್ಮ ಹೇಳಲಾರದು.

ಆದರೂ ಒಂದು ಚರ್ಮ ಮಾತಾಡಿತು. 1867ರಲ್ಲಿ ಸಟ್ಲೆಜ್ ಕಣಿವೆಯಲ್ಲಿ ಹ್ಯೂಮ್ ಹಿಡಿದಿದ್ದ ಪುಟ್ಟ ಉಲಿಯಕ್ಕಿಯೊಂದರ ಜಾತಿ ಮತ್ತೆಲ್ಲೂ ಜೀವಂತವಾಗಿ ಪತ್ತೆಯಾಗಿರಲಿಲ್ಲ. ಅದು ಬೇರೆಯೇ ಜಾತಿ ಹೌದೋ ಅಲ್ಲವೋ ಎಂದು ಪಂಡಿತರು ವಾದಿಸಿದ್ದರು. 2006ರಲ್ಲಿ ಥಾಯ್ಲೆಂಡಿನ ಕೊಳಚೆನೀರು ಶುದ್ಧೀಕರಣ ಕೇಂದ್ರವೊಂದರ ಬಳಿ ಅಂಥದೇ ಹಕ್ಕಿ ಬಲೆಗೆ ಬಿತ್ತು. ಎರಡು ಗರಿ ಕಿತ್ತುಕೊಂಡು ಅದನ್ನು ಹಾರಲು ಬಿಟ್ಟರು. ಗರಿಯ ಡಿಎನ್‌ಎ ಹ್ಯೂಮನ ಹಕ್ಕಿಗೆ ತಾಳೆಯಾಯಿತು.